ಹೊಸ ಚೀಲ, ಹಳೇ ಹಟ

ಹೊಸ ಮೇವು ಹಾಕಿದ ದಿನ ಸಂಜೆ ತೊಟ್ಟಿಯೊಳಗೆ ಬಗ್ಗಿ ನೋಡಿದರೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. ಮುಸುಕಿನ ಜೋಳದ ಹಳದಿ ನುಚ್ಚು ಹುಡುಕಿದರೂ ಸಿಗದು. ಸೋಯಾ ಹಿಂಡಿಯ ಕಂದು ಚೂರು ಅಲ್ಲೊಂದು ಇಲ್ಲೊಂದು. ತಳದಲ್ಲಿ ಉಳಿದಿರುವುದು ಬೂದುಬಣ್ಣದ ಪುಡಿ. ಅದನ್ನೂ ಕೊಕ್ಕಿನಿಂದ ಆಚೀಚೆ ತಳ್ಳಿ, ಅಂಚಿಗೆ ಒತ್ತರಿಸಿ, ಅರ್ಧದಷ್ಟನ್ನು ನೆಲಕ್ಕೆ ಚೆಲ್ಲಿಯಾಗಿದೆ. ಹೇಂಟೆಗಳು ತೊಟ್ಟಿಗೆ ಬೆನ್ನು ಹಾಕಿ ಅಡುಗೆಮನೆಯ ಬಾಗಿಲಲ್ಲಿ ನಿಂತಿವೆ, ಎಂದಿನಂತೆ ಯಾರಾದರೂ ಒಂದು ಹಿಡಿ ರಾಗಿ ಎರಚಿಯಾರು ಎಂದು. "ಒಳ್ಳೇ ಕಂಪನಿ ಮೇವು, ಹಾಕಿ ನೋಡಿ, ಮೊಟ್ಟೆ ಜಾಸ್ತಿ ಬರುತ್ತೆ" ಎಂದು ಅಂಗಡಿಯವರು ಹೇಳಿ ಕೊಟ್ಟ ಚೀಲ ಮೂಲೆಯಲ್ಲಿ ಬಾಯಿ ತೆರೆದು ಕೂತಿದೆ. ವಾರ ಕಳೆಯುವಷ್ಟರಲ್ಲಿ ಮೊಟ್ಟೆ ಹೆಚ್ಚುವುದಿರಲಿ, ಬರುತ್ತಿದ್ದ ಮೊಟ್ಟೆಗೂ ಕತ್ತರಿ ಬಿದ್ದಿರುತ್ತದೆ.

ಹಿತ್ತಲಲ್ಲಿ ಹತ್ತಿಪ್ಪತ್ತು ಮೊಟ್ಟೆ ಕೋಳಿ ಸಾಕಿರುವವರಿಗೆ ಇದೇನೂ ಹೊಸ ಸುದ್ದಿಯಲ್ಲ. "ಕೊಬ್ಬು ಕಣ್ರೀ ಇವಕ್ಕೆ" ಎಂಬ ತೀರ್ಪೂ ಜೊತೆಗೇ ಬರುತ್ತದೆ. ಕೋಳಿಯ ಕಡೆಯಿಂದ ನೋಡಿದರೆ ಅದು ಅಷ್ಟು ನ್ಯಾಯದ ತೀರ್ಪಲ್ಲ. ಗುರುತಿಲ್ಲದ ವಸ್ತುವನ್ನು ನುಂಗುವ ಮುಂಚೆ ಅನುಮಾನಿಸಿ ನೋಡುವುದು ನೆಲ ಕೆದಕಿ ಬದುಕುವ ಹಕ್ಕಿಗೆ ಅಗತ್ಯವಾದ ಬುದ್ಧಿ. ಅದಿಲ್ಲದ ಕೋಳಿ ಮೊದಲ ವಿಷದ ಬೀಜಕ್ಕೇ ಸಾಯುತ್ತಿತ್ತು.

ಸಾವಿರಗಟ್ಟಲೆ ಬಿಳಿ ಕೋಳಿಗಳನ್ನು ಪಂಜರದಲ್ಲಿ ಸಾಕುವ ಫಾರಂಗಳಲ್ಲಿ ಈ ತಕರಾರು ಇಷ್ಟು ಎದ್ದು ಕಾಣುವುದಿಲ್ಲ. ಅಲ್ಲಿ ಎದುರಿಗೆ ಬಂದದ್ದನ್ನು ತಿನ್ನಬೇಕು, ಬೇರೆ ದಾರಿಯಿಲ್ಲ. ಹಿತ್ತಲ ಕೋಳಿಗೆ ತಿಪ್ಪೆಯಿದೆ, ಬೇಲಿಸಾಲಿನ ಗೆದ್ದಲಿದೆ, ಪಾತ್ರೆ ತೊಳೆಯುವ ಜಾಗದಲ್ಲಿ ಚೆಲ್ಲಿದ ಅನ್ನವಿದೆ. ಆಯ್ಕೆ ಇರುವ ಕಡೆ ಚೌಕಾಶಿಯೂ ಇರುತ್ತದೆ. ಆದರೆ ಈ ಆಯ್ಕೆ ಎಷ್ಟು ದೂರ ನಡೆದೀತು? ಊರ ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಯಿಟ್ಟು, ನಡುವೆ ಕಾವಿಗೂ ಕೂತು ಎದ್ದು ಬರುತ್ತದೆ. ಅಷ್ಟಕ್ಕೆ ತಿಪ್ಪೆಯ ಸಂಪಾದನೆ ಸಾಕು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿ ಅದರ ಎರಡು ಪಟ್ಟಿಗೂ ಹೆಚ್ಚು ಇಡುತ್ತದೆ. ಈಚೆಗೆ ಹಳ್ಳಿಗಳಲ್ಲೂ ಕಾಣುವ ಕಂದು ಬಣ್ಣದ ಬಿ.ವಿ. 380ರಂಥ ತಳಿಗಳು ಸರಿಯಾದ ಮೇವು ಸಿಕ್ಕರೆ ವರ್ಷದಲ್ಲಿ ಹೆಚ್ಚುಕಡಿಮೆ ದಿನಕ್ಕೊಂದರಂತೆ ಇಡುತ್ತವೆ. ಇಂಥ ಕೋಳಿಗೆ ದಿನಕ್ಕೆ 110ರಿಂದ 120 ಗ್ರಾಂ ಸಮತೋಲನದ ಮೇವು ಬೇಕೇ ಬೇಕು. ಅದರಲ್ಲಿ ಶೇಕಡಾ 16ರಿಂದ 18 ಪ್ರೋಟೀನ್, ಶೇಕಡಾ ಮೂರೂವರೆಯಿಂದ ನಾಲ್ಕು ಕ್ಯಾಲ್ಸಿಯಂ ಇರಬೇಕು. ಬರೀ ರಾಗಿ, ಬರೀ ಅಕ್ಕಿ ನುಚ್ಚು ಈ ಲೆಕ್ಕಕ್ಕೆ ಹತ್ತಿರವೂ ಬರುವುದಿಲ್ಲ.

ಕ್ಯಾಲ್ಸಿಯಂ ಒಂದನ್ನೇ ತೆಗೆದುಕೊಳ್ಳಿ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹೇಂಟೆಯ ಇಡೀ ಅಸ್ಥಿಪಂಜರದಲ್ಲಿ ಇರುವುದೇ 20 ಗ್ರಾಂ ಆಸುಪಾಸು. ಅಂದರೆ ಪ್ರತಿ ಮೊಟ್ಟೆಗೂ ಮೈಯ ಸುಣ್ಣದ ಹತ್ತನೇ ಒಂದು ಪಾಲು ಹೊರಗೆ ಹೋಗುತ್ತದೆ. ಮೇವಿನಿಂದ ಅದು ತುಂಬದಿದ್ದರೆ ಮೂಳೆಯೇ ಕರಗಿ ಕೊಡಬೇಕು. ಚಿಪ್ಪು ತೆಳುವಾಗುವುದು, ತೊಗಲು ಮೊಟ್ಟೆ ಬೀಳುವುದು, ಕಾಲು ಸೋತು ಕೋಳಿ ಕೂತುಬಿಡುವುದು ಆಮೇಲಿನ ಮಾತು. ತೊಟ್ಟಿಯ ತಳದಲ್ಲಿ ಉಳಿದ ಬೂದು ಪುಡಿಯಲ್ಲಿ ಇರುವುದು ಇದೇ ಸುಣ್ಣ, ಜೊತೆಗೆ ಉಪ್ಪು, ಜೀವಸತ್ವಗಳು, ಖನಿಜಗಳು. ಚೀಲಕ್ಕೆ ಕೊಟ್ಟ ದುಡ್ಡಿನಲ್ಲಿ ಒಳ್ಳೆಯ ಪಾಲು ಆ ಪುಡಿಗೇ ಹೋಗಿರುತ್ತದೆ.

ಹಾಗಾದರೆ ಕೋಳಿ ಅದನ್ನೇಕೆ ಬಿಡುತ್ತದೆ? ರುಚಿ ಸರಿಯಿಲ್ಲ ಎಂದು ನಾವು ಭಾವಿಸುತ್ತೇವೆ. ರುಚಿಯ ಪಾತ್ರ ಇಲ್ಲಿ ಚಿಕ್ಕದು. ಮನುಷ್ಯನ ಬಾಯಲ್ಲಿ ಸಾವಿರಾರು ರುಚಿಮೊಗ್ಗುಗಳಿವೆ, ಕೋಳಿಯಲ್ಲಿ ಕೆಲವು ನೂರು ಮಾತ್ರ. ಹಲ್ಲಿಲ್ಲ, ಜಗಿಯುವ ಪ್ರಶ್ನೆಯಿಲ್ಲ. ಕಾಳು ಬಾಯಲ್ಲಿ ಇರುವುದೇ ಒಂದು ಕ್ಷಣ. ಹಾಗಾಗಿ ಬೇಕೋ ಬೇಡವೋ ಎಂಬ ತೀರ್ಮಾನ ಹೆಚ್ಚಾಗಿ ನುಂಗುವ ಮುಂಚೆಯೇ ಆಗಿಬಿಡುತ್ತದೆ. ಅದನ್ನು ಮಾಡುವುದು ಕಣ್ಣು ಮತ್ತು ಕೊಕ್ಕಿನ ತುದಿ.

ಆ ಕಣ್ಣು ಸಾಮಾನ್ಯದ್ದಲ್ಲ. ಬಣ್ಣ ಗುರುತಿಸಲು ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಶಂಕುಕೋಶಗಳಿದ್ದರೆ ಕೋಳಿಗೆ ನಾಲ್ಕು. ನಮಗೆ ಕಾಣದ ನೇರಳಾತೀತ ಬೆಳಕಿನ ಅಂಚೂ ಅದಕ್ಕೆ ಕಾಣುತ್ತದೆ. ನಮಗೆ ಒಂದೇ ಥರ ಕಂಡ ಎರಡು ಚೀಲದ ಮೇವು ಕೋಳಿಗೆ ಬೇರೆ ಬೇರೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಹೊಸ ಮೇವಿನ ಮುಂದೆ ನಿಂತ ಹೇಂಟೆ ತಲೆ ಓರೆ ಮಾಡಿ ಒಂದೇ ಕಣ್ಣಲ್ಲಿ ದಿಟ್ಟಿಸುವುದನ್ನು ಎಲ್ಲರೂ ನೋಡಿರುತ್ತಾರೆ. ಕಾಳು ಯಾವುದು, ಕಲ್ಲು ಯಾವುದು ಎಂದು ಬೇರ್ಪಡಿಸುವ ಕೆಲಸದಲ್ಲಿ ಮರಿಗಳ ಬಲಗಣ್ಣು ಎಡಗಣ್ಣಿಗಿಂತ ಚುರುಕು ಎಂಬುದನ್ನು ಆಸ್ಟ್ರೇಲಿಯಾದ ಲೆಸ್ಲಿ ರೋಜರ್ಸ್ ಮೊದಲಾದವರ ಪ್ರಯೋಗಗಳು ತೋರಿಸಿವೆ. ಕಾರಣ ಮೊಟ್ಟೆಯೊಳಗೇ ಇದೆ. ಹೊರಬರುವ ಮುಂಚಿನ ದಿನಗಳಲ್ಲಿ ಮರಿ ಬಲಗಣ್ಣು ಚಿಪ್ಪಿನ ಕಡೆಗಿರುವಂತೆ ಮಡಚಿಕೊಂಡಿರುತ್ತದೆ. ಎಡಗಣ್ಣು ಮೈಯಡಿ ಮರೆಯಾಗಿರುತ್ತದೆ. ಚಿಪ್ಪು ದಾಟಿ ಬಂದ ಬೆಳಕು ಬಲಗಣ್ಣಿಗೆ ಮೊದಲು ತಾಗುತ್ತದೆ.

ಇನ್ನು ರುಚಿಯ ವಿಚಾರದಲ್ಲಿ ನಮ್ಮ ಕಡೆ ಎರಡು ನಂಬಿಕೆಗಳಿವೆ. ಮೇವಿಗೆ ಬೆಲ್ಲದ ನೀರು ಚಿಮುಕಿಸಿದರೆ ಕೋಳಿ ಇಷ್ಟಪಟ್ಟು ತಿನ್ನುತ್ತದೆ ಎಂಬುದೊಂದು. ಸಿಹಿಯನ್ನು ಗುರುತಿಸಲು ಸಸ್ತನಿಗಳಿಗೆ ಇರುವ ಮುಖ್ಯ ವಂಶವಾಹಿಯೊಂದು ಕೋಳಿಯಲ್ಲಿ ಇಲ್ಲವೇ ಇಲ್ಲ. ಆದರೂ ಬೆಲ್ಲದ ನೀರು ಕೆಲಸ ಮಾಡುವುದುಂಟು. ಆ ಕೆಲಸ ನೀರಿನದು, ಬೆಲ್ಲದ ಅಂಟಿನದು: ಪುಡಿ ನುಚ್ಚಿಗೆ ಅಂಟಿಕೊಳ್ಳುತ್ತದೆ, ಆರಿಸಿ ತಿನ್ನಲು ಆಗುವುದಿಲ್ಲ. ಬರೀ ನೀರು ಹಾಕಿದರೂ ಹೆಚ್ಚುಕಡಿಮೆ ಅದೇ ಫಲ. ಮೆಣಸಿನಕಾಯಿ ಬಿದ್ದರೆ ಕೋಳಿ ಮುಟ್ಟುವುದಿಲ್ಲ ಎಂಬುದು ಇನ್ನೊಂದು. ಖಾರದ ಉರಿ ಕೋಳಿಗೆ ತಿಳಿಯುವುದೇ ಇಲ್ಲ. ಮೆಣಸಿನ ಖಾರಕ್ಕೆ ಓಗೊಡುವ ನಮ್ಮ ನರದ ಗ್ರಾಹಕ ಕೋಳಿಯಲ್ಲಿ ಅದೇ ಖಾರಕ್ಕೆ ಜಗ್ಗುವುದಿಲ್ಲ ಎಂದು 2002ರಲ್ಲಿ ಸ್ವೆನ್-ಎರಿಕ್ ಯೋರ್ಟ್ ಮತ್ತು ಡೇವಿಡ್ ಜೂಲಿಯಸ್ ತೋರಿಸಿದರು. ಇದೇ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ಕೋಳಿಗೆ ನಿಜವಾಗಿ ಹಿಡಿಸದಿರುವುದು ಕಹಿ. ಕಹಿಗೆ ಅದರಲ್ಲಿರುವ ಗ್ರಾಹಕಗಳು ಮೂರೇ ಬಗೆಯವಾದರೂ ಕೆಲಸಕ್ಕೆ ಅವು ಸಾಕು. ಬೇವಿನ ಹಿಂಡಿ, ಹೊಂಗೆ ಹಿಂಡಿ ಗೊಬ್ಬರಕ್ಕೆ ಮಾತ್ರ. ಅಗ್ಗವೆಂದು ಮೇವಿಗೆ ಬೆರೆಸುವುದು ಕೋಳಿಗೂ ಕೇಡು, ಮೊಟ್ಟೆಗೂ ಕೇಡು.

ಕೊಕ್ಕಿನ ತುದಿಯ ವಿಚಾರಕ್ಕೆ ಬಂದರೆ, ಅಲ್ಲಿ ಸ್ಪರ್ಶದ ನರಗಳು ಒತ್ತೊತ್ತಾಗಿವೆ. ಕೋಳಿಗೆ ಇಷ್ಟವಾಗುವುದು ಕೊಕ್ಕಿಗೆ ಹಿಡಿತ ಸಿಗುವ ಗಾತ್ರ. ಆದ್ದರಿಂದಲೇ ಮೇವಿನ ರೂಪ ಬದಲಾದಾಗ ಜಗಳ ಜೋರಾಗುತ್ತದೆ. ಅಂಗಡಿಯಲ್ಲಿ ಮೊಟ್ಟೆ ಕೋಳಿಯ ಮೇವು ಮೂರು ರೂಪದಲ್ಲಿ ಸಿಗುತ್ತದೆ: ಪುಡಿಪುಡಿಯಾದ ಮ್ಯಾಶ್, ಒತ್ತಿ ಕಡ್ಡಿಯಂತೆ ಮಾಡಿದ ಪೆಲೆಟ್, ಪೆಲೆಟ್ ಮುರಿದು ಮಾಡಿದ ಕ್ರಂಬಲ್. ಮ್ಯಾಶ್ ತಿಂದು ರೂಢಿಯಾದ ಕೋಳಿ ಪೆಲೆಟನ್ನು ಮೊದಮೊದಲು ಕಲ್ಲೆಂದು ಬಗೆದು ಬಿಟ್ಟರೂ ಒಮ್ಮೆ ಅಭ್ಯಾಸವಾಯಿತೆಂದರೆ ಬಿಡುವುದಿಲ್ಲ. ಪೆಲೆಟ್‌ನಿಂದ ಮ್ಯಾಶ್‌ಗೆ ಇಳಿಸುವುದು ಎಲ್ಲಕ್ಕಿಂತ ಕಷ್ಟ. ಆಗ ಕೋಳಿ ದಪ್ಪ ಚೂರುಗಳನ್ನಷ್ಟೇ ಹೆಕ್ಕಿ ಉಳಿದದ್ದನ್ನು ಚೆಲ್ಲುತ್ತದೆ.

ಪ್ರತಿಯೊಂದು ಹೇಂಟೆಯೂ ಜೀವನದಲ್ಲಿ ಒಮ್ಮೆಯಾದರೂ ಮೇವಿನ ಬದಲಾವಣೆಗೆ ಸಿಕ್ಕೇ ಸಿಗುತ್ತದೆ. ಹದಿನೆಂಟು ವಾರದ ಹೊತ್ತಿಗೆ, ಜುಟ್ಟು ಕೆಂಪೇರಿ ಮೊದಲ ಮೊಟ್ಟೆ ಹತ್ತಿರವಾದಾಗ, ಬೆಳೆಯುವ ಕೋಳಿಯ ಗ್ರೋವರ್ ಮೇವು ನಿಲ್ಲಿಸಿ ಮೊಟ್ಟೆ ಕೋಳಿಯ ಲೇಯರ್ ಮೇವು ಹಾಕಬೇಕು. ಶೇಕಡಾ ಒಂದರ ಸುತ್ತ ಇದ್ದ ಕ್ಯಾಲ್ಸಿಯಂ ಒಮ್ಮೆಲೇ ಮೂರೂವರೆ ಪಟ್ಟಾಗುತ್ತದೆ. ಅಷ್ಟು ಸುಣ್ಣದಕಲ್ಲಿನ ಪುಡಿ ಸೇರಿದ ಮೇವಿನ ಬಣ್ಣವೂ ಬೇರೆ, ಕೊಕ್ಕಿಗೆ ತಾಗುವ ಬಗೆಯೂ ಬೇರೆ. "ಹೇಗೂ ಹಾಕಬೇಕು, ಮರಿ ಇರುವಾಗಲೇ ಅಭ್ಯಾಸವಾಗಲಿ" ಎಂದು ಎಳೆಯ ಮರಿಗೇ ಲೇಯರ್ ಮೇವು ಹಾಕುವವರಿದ್ದಾರೆ. ಅದು ತಪ್ಪು. ಬೇಡದ ಕ್ಯಾಲ್ಸಿಯಂ ಎಳೆಯ ಮೂತ್ರಪಿಂಡವನ್ನು ಕೆಡಿಸುತ್ತದೆ.

ಇಲ್ಲಿಯವರೆಗೆ ಕೋಳಿಯ ಹಟದ ಮಾತಾಯಿತು. ಮೇವಿನದೇ ತಪ್ಪಿದ್ದರೆ? ಈ ಪ್ರಶ್ನೆ ಕೇಳದೆ ಕೋಳಿಯನ್ನು ದಾರಿಗೆ ತರಲು ಹೊರಡುವುದು ಸರಿಯಲ್ಲ. ಮೇವು ಬದಲಾದದ್ದರಿಂದ ಕೋಳಿಗಳಿಗೆ ಏನಾಯಿತು ಎಂಬುದನ್ನು ಒಬ್ಬ ವೈದ್ಯ ಗಮನವಿಟ್ಟು ನೋಡಿದ್ದರಿಂದಲೇ ವೈದ್ಯಲೋಕದ ದೊಡ್ಡದೊಂದು ಒಗಟು ಬಿಡಿಸಿಕೊಂಡಿತು.

ಆಗಿನ ಡಚ್ಚರ ಆಳ್ವಿಕೆಯ ಜಾವಾದ ಬಟಾವಿಯಾ, ಅಂದರೆ ಇಂದಿನ ಜಕಾರ್ತ. ವರ್ಷ 1889. ಅಲ್ಲಿನ ಮಿಲಿಟರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಮನುಷ್ಯರ ಕೈಕಾಲು ಸೋಲಿಸುವ ಬೆರಿಬೆರಿ ರೋಗಕ್ಕೆ ಕಾರಣವಾದ ಸೂಕ್ಷ್ಮಾಣು ಹುಡುಕುತ್ತಿದ್ದ. ಪ್ರಯೋಗಕ್ಕೆಂದು ಸಾಕಿದ್ದ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು, ತೂರಾಡಿ, ಬೀಳತೊಡಗಿದವು. ರೋಗ ತಗುಲಿಸದೇ ಇದ್ದ ಕೋಳಿಗಳೂ ಬಿದ್ದವು. ಕೆಲವು ತಿಂಗಳ ಮೇಲೆ ಎಲ್ಲವೂ ತಮ್ಮಷ್ಟಕ್ಕೇ ಚೇತರಿಸಿಕೊಂಡವು. ವಿಚಾರಿಸಿದಾಗ ತಿಳಿದದ್ದು ಅಡುಗೆಮನೆಯ ಸಂಗತಿ. ಕೋಳಿ ನೋಡಿಕೊಳ್ಳುವವನು ಖರ್ಚು ಉಳಿಸಲು ಆಸ್ಪತ್ರೆಯ ಅಡುಗೆಮನೆಯಿಂದ ಮಿಕ್ಕ ಬಿಳಿ ಅನ್ನ ತಂದು ಹಾಕುತ್ತಿದ್ದ. ಆಮೇಲೆ ಬಂದ ಹೊಸ ಅಡುಗೆಯವನು, ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗೇಕೆ ಕೊಡಬೇಕು ಎಂದು ನಿಲ್ಲಿಸಿಬಿಟ್ಟ. ಕೋಳಿಗಳು ಪಾಲಿಶ್ ಮಾಡದ ಅಕ್ಕಿಗೆ ಮರಳಿದವು, ಎದ್ದು ಓಡಾಡಿದವು. ಐಕ್‌ಮನ್ ಬೇಕೆಂದೇ ಪಾಲಿಶ್ ಅಕ್ಕಿ ಹಾಕಿ ರೋಗ ಬರಿಸಿ, ತೌಡು ಹಾಕಿ ವಾಸಿಮಾಡಿ ನೋಡಿದ. ತೌಡಿನಲ್ಲಿದ್ದ ಆ ವಸ್ತುವಿಗೆ ಮುಂದೆ ಬಿ1 ಜೀವಸತ್ವ ಎಂಬ ಹೆಸರು ಬಂತು. 1929ರಲ್ಲಿ ಐಕ್‌ಮನ್ನನಿಗೆ ನೊಬೆಲ್ ಸಿಕ್ಕಿತು. ಅಡುಗೆಯವನ ಹೆಸರು ಯಾರಿಗೂ ನೆನಪಿಲ್ಲ.

ಬಿ1 ಕಡಿಮೆಯಾದಾಗ ಕೋಳಿಯಲ್ಲಿ ಕಾಣುವ ಮೊದಲ ಲಕ್ಷಣಗಳಲ್ಲೊಂದು ಮೇವಿನ ಮೇಲೆ ಆಸೆ ಹೋಗುವುದು. ಉಪ್ಪು ಕಡಿಮೆಯಾದರೂ ಹೀಗೆಯೇ. ಅಂದರೆ ಕೋಳಿ ಮೇವು ಬಿಟ್ಟಿದೆ ಎಂಬುದು ಕೆಲವೊಮ್ಮೆ ಆ ಮೇವಿನಲ್ಲೇ ಏನೋ ಕೊರತೆಯಿದೆ ಎಂಬುದರ ಸುಳಿವು.

ಇನ್ನೊಂದು ಪ್ರಕರಣ ಇದಕ್ಕಿಂತ ಘೋರ. 1960ರಲ್ಲಿ ಇಂಗ್ಲೆಂಡಿನ ಟರ್ಕಿ ಕೋಳಿ ಫಾರಂಗಳಲ್ಲಿ ಕೆಲವೇ ತಿಂಗಳಲ್ಲಿ ಒಂದು ಲಕ್ಷದಷ್ಟು ಟರ್ಕಿಗಳು ಸತ್ತವು. ರೋಗಾಣು ಸಿಗಲಿಲ್ಲ. ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ, ಅದರ ಮೇಲೆ ಬೆಳೆದ ಬೂಷ್ಟು. ಅಫ್ಲಾಟಾಕ್ಸಿನ್ ಎಂಬ ವಿಷ ಲೋಕಕ್ಕೆ ಗೊತ್ತಾದದ್ದು ಹೀಗೆ. ಕಡಲೆಕಾಯಿ ಮತ್ತು ಮುಸುಕಿನ ಜೋಳ ಎರಡನ್ನೂ ಯಥೇಚ್ಛ ಬೆಳೆಯುವ, ಮಳೆಗಾಲದಲ್ಲಿ ಗೋಡೆಯೇ ಬೆವರುವ ನಮ್ಮ ನಾಡಿನಲ್ಲಿ ಇದು ದೂರದ ಕಥೆಯೇನಲ್ಲ. ಚೀಲಕ್ಕೆ ಕೈ ಹಾಕಿದಾಗ ಬಿಸಿ ತಾಗಿದರೆ, ಮೇವು ಗಂಟು ಕಟ್ಟಿದ್ದರೆ, ಮುಗ್ಗಲು ವಾಸನೆ ಬಂದರೆ ಆ ಚೀಲವನ್ನು ಕೋಳಿಗೆ ಒಗ್ಗಿಸುವ ಪ್ರಯತ್ನವೇ ಬೇಡ, ಹಿಂದಿರುಗಿಸಬೇಕು. ಇಲ್ಲಿ ಒಂದು ಎಚ್ಚರಿಕೆ: ಅಫ್ಲಾಟಾಕ್ಸಿನ್‌ಗೆ ತನ್ನದೇ ವಾಸನೆಯಿಲ್ಲ. ಕೋಳಿ ತಿಂದಿತು ಎಂದಮಾತ್ರಕ್ಕೆ ಮೇವು ಒಳ್ಳೆಯದು ಎಂದಾಗುವುದಿಲ್ಲ.

ಚೀಲದ ಮೇಲಿನ ಹೆಸರು ಅದೇ ಇದ್ದು ಒಳಗಿನದು ಬದಲಾಗುವುದೂ ಉಂಟು. ಮೇವಿನ ಖರ್ಚೇ ಮೊಟ್ಟೆಯ ಉತ್ಪಾದನಾ ವೆಚ್ಚದ ಶೇಕಡಾ 60-70. ಹಾಗಾಗಿ ಮುಸುಕಿನ ಜೋಳ ದುಬಾರಿಯಾದರೆ ಮಿಲ್ಲಿನವರು ಅಕ್ಕಿ ನುಚ್ಚು ಹೆಚ್ಚಿಸುತ್ತಾರೆ, ಸೋಯಾ ದುಬಾರಿಯಾದರೆ ಸೂರ್ಯಕಾಂತಿ ಹಿಂಡಿ, ಎಣ್ಣೆ ತೆಗೆದ ತೌಡು ಬರುತ್ತವೆ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಎಷ್ಟರಮಟ್ಟಿಗೆ ಏರಿತೆಂದರೆ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅನುಮತಿ ಕೊಟ್ಟಿತು. ಇಂಥ ಹೊತ್ತಿನಲ್ಲಿ "ಅದೇ ಮೇವು ಹಾಕ್ತಿದೀನಿ, ಆದ್ರೂ ತಿಂತಿಲ್ಲ" ಎನ್ನುವವರ ಮಾತು ಸುಳ್ಳಲ್ಲ, ಕೋಳಿಯ ದೂರೂ ಸುಳ್ಳಲ್ಲ.

ಮೇವಿಗಿಂತ ಮುಂಚೆ ನೀರನ್ನೂ ನೋಡಬೇಕು. ಕೋಳಿ ತಿನ್ನುವ ಮೇವಿನ ಎರಡರಷ್ಟು ತೂಕದ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನೀರಿಲ್ಲದ ಕೋಳಿ ಒಣ ಮೇವು ಮುಟ್ಟುವುದಿಲ್ಲ. ಬಿಸಿಲಲ್ಲಿ ಕಾದ ಡ್ರಮ್ಮಿನ ನೀರು, ಔಷಧಿ ಬೆರೆಸಿ ಕಹಿಯಾದ ನೀರು, ಕಟ್ಟಿಕೊಂಡ ನಿಪ್ಪಲ್, ಇವುಗಳ ತಪ್ಪನ್ನೆಲ್ಲ ಹೊಸ ಚೀಲ ಹೊರಬೇಕಾಗುತ್ತದೆ. ಹಾಗೆಯೇ ಒಂದು ಕೋಳಿ ಮಾತ್ರ ಗರಿ ಕೆದರಿಕೊಂಡು ಮೂಲೆ ಹಿಡಿದರೆ ಅದು ಕಾಯಿಲೆ, ಪಶುವೈದ್ಯರ ಕೆಲಸ. ಇಡೀ ಹಿಂಡೇ ತೊಟ್ಟಿ ಬಿಟ್ಟರೆ ಮೇವನ್ನೋ ನೀರನ್ನೋ ಅನುಮಾನಿಸಬೇಕು.

ಇವೆಲ್ಲ ಸರಿಯಿದ್ದೂ ಹಟ ಮುಂದುವರಿದರೆ ಒಗ್ಗಿಸುವ ಕೆಲಸ ಶುರು. ಅನುಭವಸ್ಥರೂ ಪಶುವೈದ್ಯರೂ ಹೇಳುವ ಕ್ರಮ ಒಂದೇ, ಬೆರೆಸಿ ಹಾಕುವುದು. ಮೊದಲ ಮೂರು ದಿನ ಮೂರು ಪಾಲು ಹಳೆಯದು, ಒಂದು ಪಾಲು ಹೊಸದು. ಮುಂದಿನ ಮೂರು ದಿನ ಸಮಸಮ. ಆಮೇಲೆ ಮೂರು ದಿನ ಒಂದು ಪಾಲು ಹಳೆಯದು, ಮೂರು ಪಾಲು ಹೊಸದು. ಹತ್ತನೇ ದಿನಕ್ಕೆ ಪೂರ್ತಿ ಹೊಸದು. ಯಾವುದೇ ಹಂತದಲ್ಲಿ ಮೇವು ಉಳಿಯತೊಡಗಿದರೆ ಒಂದು ಹೆಜ್ಜೆ ಹಿಂದಿಟ್ಟು ಎರಡು ದಿನ ಕಾಯಬೇಕು. ಕೇಳಲು ಸುಲಭ. ಕಷ್ಟವಿರುವುದು ಪೆಲೆಟ್ ಮತ್ತು ಮ್ಯಾಶ್ ಬೆರೆಸಿದಾಗ. ಎಷ್ಟು ಕಲಸಿಟ್ಟರೂ ಕೋಳಿಯ ಕೊಕ್ಕು ಅವನ್ನು ಮತ್ತೆ ಬೇರ್ಪಡಿಸುತ್ತದೆ.

ಅದಕ್ಕೆ ಮದ್ದು ನೀರು. ಬೆರೆಸಿದ ಮೇವಿಗೆ ಸ್ವಲ್ಪ ಸ್ವಲ್ಪವೇ ಉಗುರುಬೆಚ್ಚಗಿನ ನೀರು ಚಿಮುಕಿಸುತ್ತ ಕೈಯಲ್ಲಿ ಉಜ್ಜಬೇಕು. ಹದ ಉಪ್ಪಿಟ್ಟಿನಂತೆ ಉದುರುದುರಾಗಿರಬೇಕು: ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಉದುರಿಬೀಳುವಂತೆ. ಅಂಬಲಿಯಾಗಬಾರದು. ಒದ್ದೆಯಾದ ಮೇಲೆ ಹಳೆಯದು ಹೊಸದು ಎಂಬ ಬಣ್ಣದ ಭೇದ ಮಾಸುತ್ತದೆ, ಪುಡಿ ಚೂರುಗಳಿಗೆ ಮೆತ್ತಿಕೊಳ್ಳುತ್ತದೆ, ಒಣ ಮೇವಿಗೆ ಬೆನ್ನು ತಿರುಗಿಸಿದ ಕೋಳಿಯೂ ಒದ್ದೆ ಮೇವಿಗೆ ಮುಗಿಬೀಳುವುದು ಸಾಮಾನ್ಯ. ಅರ್ಧ ಗಂಟೆಯಲ್ಲಿ ಖಾಲಿಯಾಗುವಷ್ಟೇ ಹಾಕಬೇಕು. ನಮ್ಮ ಸೆಕೆಗೆ ಒದ್ದೆ ಮೇವು ಮಧ್ಯಾಹ್ನದೊಳಗೆ ಹುಳಿ ಬರುತ್ತದೆ, ಬೂಷ್ಟು ಹಿಡಿಯುತ್ತದೆ. ಉಳಿದದ್ದನ್ನು ಎಸೆದು ತೊಟ್ಟಿ ತೊಳೆಯುವ ತಾಳ್ಮೆ ಇಲ್ಲದವರು ಈ ಉಪಾಯಕ್ಕೆ ಕೈಹಾಕದಿರುವುದು ಮೇಲು. ಕರಾವಳಿಯಲ್ಲಿ ಒಣಮೀನಿನ ಪುಡಿ ಒಂದು ಚಿಟಿಕೆ ಉದುರಿಸುವುದುಂಟು. ಕೋಳಿಗೆ ಆ ಬಗೆಯ ರುಚಿ ತಿಳಿಯುತ್ತದೆ, ಉಪಾಯ ಸರಿಯಾದದ್ದೇ. ಮೀನು ಉಪ್ಪು ಹಾಕಿ ಒಣಗಿಸಿದ್ದಾಗಿರಬಾರದು, ಅಷ್ಟೇ.

ಹೊತ್ತಿನ ಆಯ್ಕೆಯೂ ಮುಖ್ಯ. ರಾತ್ರಿಯಿಡೀ ಕೋಳಿಯ ಕೊರಳ ಚೀಲ ಖಾಲಿಯಾಗುತ್ತ ಬರುತ್ತದೆ. ಬೆಳಕು ಹರಿದ ಮೊದಲ ಎರಡು ಗಂಟೆ ಅದಕ್ಕೆ ನಿಜವಾದ ಹಸಿವು. ಹೊಸ ಮೇವು ಸಿಗಬೇಕಾದದ್ದು ಆಗ. ನಮ್ಮ ಮನೆಗಳಲ್ಲಿ ನಡೆಯುವುದು ಉಲ್ಟಾ: ಗೂಡಿನ ಬಾಗಿಲು ತೆಗೆದ ಕೂಡಲೇ ಪ್ರೀತಿಯಿಂದ ಒಂದು ಹಿಡಿ ಕಾಳು, ನಿನ್ನೆಯ ಅನ್ನ, ಆಮೇಲೆ ತೊಟ್ಟಿಗೆ ಮೇವು. ಹೊಟ್ಟೆ ತುಂಬಿದವರು ಹೊಸ ಅಡುಗೆಗೆ ಮನಸ್ಸು ಮಾಡುವುದಿಲ್ಲ. ಕಾಳು ಎರಚುವುದನ್ನು ಸಂಜೆ ನಾಲ್ಕರ ಮೇಲಕ್ಕೆ ತಳ್ಳಿ, ದಿನದ ಮೇವಿನ ಹತ್ತನೇ ಒಂದು ಪಾಲು ಮೀರದಂತೆ ನೋಡಿಕೊಂಡರೆ ಅರ್ಧ ಹಟ ಅಲ್ಲೇ ಇಳಿಯುತ್ತದೆ. ಸಂಜೆಗೆ ಇನ್ನೊಂದು ವಿಶೇಷವಿದೆ. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುವುದರಿಂದ ಹೇಂಟೆಗೆ ಸುಣ್ಣದ ಆಸೆ ಹುಟ್ಟುವುದು ಇಳಿಹೊತ್ತಿನಲ್ಲಿ. ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ ಇಟ್ಟರೆ ಬೇಕಾದ ಕೋಳಿ ಬೇಕಾದಷ್ಟು ತಾನೇ ಹೆಕ್ಕಿಕೊಳ್ಳುತ್ತದೆ. ಮೇವಿನಲ್ಲಿ ಪುಡಿ ಬಿಟ್ಟ ಹೇಂಟೆಯೂ ಇದನ್ನು ಬಿಡುವುದಿಲ್ಲ.

ಹಿಂಡಿನ ರಾಜಕೀಯವನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲುಕೀಳಿನ ಸಾಲು ಇರುತ್ತದೆ ಎಂದು ಮೊದಲು ವಿವರವಾಗಿ ಬರೆದವರು ನಾರ್ವೆಯ ಥೋರ್ಲೀಫ್ ಶೆಲ್ಡರುಪ್-ಎಬ್ಬೆ, 1920ರ ದಶಕದ ಆರಂಭದಲ್ಲಿ. ಹುಡುಗನಾಗಿದ್ದಾಗಲೇ ಮನೆಯ ಕೋಳಿಗಳ ಜಗಳವನ್ನು ಬರೆದಿಡುತ್ತಿದ್ದವರು ಅವರು. ಮೇವಿನ ತೊಟ್ಟಿಯಲ್ಲಿ ಈ ಸಾಲು ಎದ್ದು ಕಾಣುತ್ತದೆ. ಮೇಲಿನ ಹೇಂಟೆ ಮೊದಲು ಬಂದು ಇಷ್ಟವಾದದ್ದನ್ನು ಆರಿಸಿಕೊಳ್ಳುತ್ತದೆ, ಕೊನೆಯವಳ ಪಾಲಿಗೆ ಪುಡಿ. ಹಿಂಡು ಹೊಸ ಮೇವಿಗೆ ಒಗ್ಗಿತು ಎಂದು ಮನೆಯವರು ನಿರಾಳವಾಗಿರುವಾಗ ಕೊನೆಯ ಎರಡು ಕೋಳಿ ಸೊರಗುತ್ತಿರುತ್ತವೆ. ಬದಲಾವಣೆಯ ದಿನಗಳಲ್ಲಿ ಒಂದರ ಬದಲು ಎರಡು ತೊಟ್ಟಿ, ಒಂದಕ್ಕೊಂದು ಕಾಣದಷ್ಟು ದೂರದಲ್ಲಿ ಇಟ್ಟರೆ ಆಯಿತು. ಅದರಲ್ಲಿ ಒಂದು ಮಾತ್ರ ಹಳೆಯ ತೊಟ್ಟಿಯೇ ಆಗಿದ್ದು, ಹಳೆಯ ಜಾಗದಲ್ಲೇ ಇರಲಿ. ಮೇವೂ ಹೊಸದು, ತೊಟ್ಟಿಯೂ ಹೊಸದು, ಜಾಗವೂ ಹೊಸದು ಎಂದರೆ ಯಾವುದಕ್ಕೆ ಹೆದರಿದವು ಎಂದು ತಿಳಿಯುವುದೇ ಇಲ್ಲ.

ಇದೇ ಹಿಂಡುಬುದ್ಧಿ ಸಹಾಯಕ್ಕೂ ಬರುತ್ತದೆ. ಒಂದು ಕುಕ್ಕಿದರೆ ಉಳಿದವೂ ಕುಕ್ಕುತ್ತವೆ. ತಾಯಿಕೋಳಿ ಕಾಳನ್ನು ಕೊಕ್ಕಲ್ಲಿ ಎತ್ತಿ, ಕೆಳಗೆ ಹಾಕಿ, ಕೊಕ್ಕೊಕ್ಕೊ ಎಂದು ಮರಿಗಳನ್ನು ಕರೆಯುವುದು ಪಾಠ ಹೇಳುವ ಕ್ರಮವೇ. ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೀನ್ ನಿಕೋಲ್ ಮತ್ತು ಸ್ಟುವರ್ಟ್ ಪೋಪ್ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಟ್ಟದ್ದೆಂದು ತಾನು ಕಲಿತ ಬಣ್ಣದ ಮೇವನ್ನು ಮರಿಗಳು ತಿನ್ನುವುದನ್ನು ಕಂಡ ತಾಯಿ ಇನ್ನಷ್ಟು ಜೋರಾಗಿ ಕೆದಕಿ, ಕುಕ್ಕಿ ಮರಿಗಳ ಗಮನವನ್ನು ತನ್ನ ಮೇವಿನ ಕಡೆ ಸೆಳೆಯಲು ನೋಡಿತು. ಹೊಸ ಮೇವು ತಿನ್ನಲು ಕಲಿತ ಒಂದು ಕೋಳಿ ಗುಂಪಿನಲ್ಲಿದ್ದರೆ ಸಾಕುವವರ ಕೆಲಸ ಹಗುರ. ಅಂಥದ್ದಿಲ್ಲದಿದ್ದರೆ ಮೇವಿನ ಮೇಲೆ ಬೆರಳಿನಿಂದ ಟಕಟಕ ಕುಟ್ಟುವ ಹಳೇ ಉಪಾಯವಿದೆ. ಮರಿಗಳಂತೂ ಬೆರಳನ್ನೇ ಕೊಕ್ಕೆಂದು ನಂಬುತ್ತವೆ.

"ಎರಡು ದಿನ ಉಪವಾಸ ಹಾಕಿ, ಮೂರನೇ ದಿನ ತಾನೇ ತಿನ್ನುತ್ತೆ" ಎಂಬ ಸಲಹೆಯೂ ಊರಲ್ಲಿ ಧಾರಾಳವಾಗಿ ಸಿಗುತ್ತದೆ. ಕೋಳಿ ತಿನ್ನುವುದೇನೋ ನಿಜ, ಮೊಟ್ಟೆ ಮಾತ್ರ ನಿಲ್ಲುತ್ತದೆ. ದೊಡ್ಡ ಫಾರಂಗಳಲ್ಲಿ ಮುದಿಯಾದ ಹಿಂಡಿನ ಗರಿ ಉದುರಿಸಿ ಮತ್ತೊಂದು ಸುತ್ತು ಮೊಟ್ಟೆ ತೆಗೆಯಲು ಬೇಕೆಂದೇ ಮೇವು ನಿಲ್ಲಿಸುವ ಪದ್ಧತಿ ಇತ್ತು. ಹಸಿದ ಹೇಂಟೆ ಕೆಲವೇ ದಿನದಲ್ಲಿ ಮೊಟ್ಟೆ ನಿಲ್ಲಿಸುತ್ತದೆ ಎಂಬ ಲೆಕ್ಕದ ಮೇಲೆಯೇ ಅದು ನಡೆಯುತ್ತಿತ್ತು. ಅದು ಹಿಂಸೆಯೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲಿ ನಿಲ್ಲಿಸುವಂತೆ ಸೂಚಿಸಿತು. ಹಿತ್ತಲಲ್ಲಿ ಅದನ್ನೇ ಸಣ್ಣ ಪ್ರಮಾಣದಲ್ಲಿ ಮಾಡುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಮಾತು: ಹಳದಿ ಭಾಗ ಬೇಗಬೇಗ ಬೆಳೆಯುವ ಹಂತವೇ ಏಳರಿಂದ ಹತ್ತು ದಿನ ಹಿಡಿಯುತ್ತದೆ. ಹೊಟ್ಟೆಯೊಳಗೆ ಸಾಲಾಗಿ ಬೆಳೆಯುತ್ತಿದ್ದ ಹಳದಿಗಳ ಮೇಲೆ ಇಂದಿನ ಅರೆಹೊಟ್ಟೆಯ ಪೆಟ್ಟು ಮುಂದಿನ ವಾರವೂ ಕಾಣಬಹುದು. ಆಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ತಿಂಗಳ ಬಿಸಿಲಲ್ಲಿ ಕೋಳಿ ಹೇಗೂ ಕಡಿಮೆ ತಿನ್ನುತ್ತದೆ. ಗರಿ ಉದುರುವಾಗ, ಲಸಿಕೆ ಹಾಕಿಸಿದ ವಾರ, ಗೂಡು ಬದಲಿಸಿದ ವಾರ ಕೂಡ ಹಾಗೆಯೇ. ಈ ಹೊತ್ತುಗಳಲ್ಲಿ ಮೇವು ಬದಲಿಸದಿರುವುದೇ ಲೇಸು. ಬದಲಿಸಲೇಬೇಕಾದರೆ ಬೆಳಗಿನ ಐದಾರು ಗಂಟೆಯ ತಂಪಿನಲ್ಲಿ ಹಾಕಬೇಕು.

ಒಗ್ಗಿತೋ ಇಲ್ಲವೋ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಬೆಳಿಗ್ಗೆ ಹಾಕಿದ್ದನ್ನೂ ಸಂಜೆ ಉಳಿದದ್ದನ್ನೂ ಅಡುಗೆಮನೆಯ ತಕ್ಕ‌ಡಿಯಲ್ಲಿ ತೂಗುವುದು ಒಂದು. ಕತ್ತಲಾದ ಮೇಲೆ ಗೂಡಿಗೆ ಹೋಗಿ, ಕೂತ ಕೋಳಿಯ ಕೊರಳ ಬುಡದಲ್ಲಿ, ಎದೆಯ ಬಲಭಾಗಕ್ಕೆ ಮೆಲ್ಲಗೆ ಬೆರಳಿಡುವುದು ಇನ್ನೊಂದು. ಹೊಟ್ಟೆತುಂಬ ತಿಂದಿದ್ದರೆ ಚೀಲ ದುಂಡಗೆ ಕೈಗೆ ಸಿಗುತ್ತದೆ, ಒತ್ತಿದರೆ ಮೇವಿನ ಚೂರು ಬೆರಳಿಗೆ ತಿಳಿಯುತ್ತದೆ. ಖಾಲಿಯಿದ್ದರೆ ಗರಿಯಡಿ ಎದೆಮೂಳೆಯಷ್ಟೇ. ಸಾಲಿನ ಕೊನೆಯ ಹೇಂಟೆಯನ್ನು ಮೊದಲು ಮುಟ್ಟಿ ನೋಡಬೇಕು. ಬೆಳಿಗ್ಗೆಯೂ ಚೀಲ ಗಟ್ಟಿಯಾಗಿ ತುಂಬಿಯೇ ಇದ್ದರೆ ಅದು ಕಟ್ಟಿಕೊಂಡಿದೆ ಎಂದರ್ಥ. ಪಶುವೈದ್ಯರಿಗೆ ತೋರಿಸುವುದು ಒಳ್ಳೆಯದು.

ಹೆಚ್ಚಿನ ಮನೆಗಳಲ್ಲಿ ಇಡೀ ತಾಪತ್ರಯ ಶುರುವಾಗುವುದು ಹಳೆಯ ಚೀಲ ಪೂರ್ತಿ ಖಾಲಿಯಾದ ಮೇಲೆ ಹೊಸದನ್ನು ತರುವುದರಿಂದ. ಬೆರೆಸಲು ಆಗ ಏನೂ ಉಳಿದಿರುವುದಿಲ್ಲ. ಹತ್ತು ಹೇಂಟೆಗೆ ದಿನಕ್ಕೆ 1.1 ಕೆ.ಜಿ. ಮೇವೆಂದರೂ ಮೇಲೆ ಹೇಳಿದ ಒಂಬತ್ತು ದಿನದ ಕ್ರಮಕ್ಕೆ ಬೇಕಾಗುವ ಹಳೆಯ ಮೇವು 5 ಕೆ.ಜಿ. ಮಾತ್ರ. ಚೀಲದ ತಳದಲ್ಲಿ ಅಷ್ಟು ಉಳಿದಿರುವಾಗಲೇ ಅಂಗಡಿಗೆ ಹೋಗಿ ಬನ್ನಿ. ಹತ್ತು ಕೋಳಿಗೆ 50 ಕೆ.ಜಿ. ಚೀಲ ಒಂದೂವರೆ ತಿಂಗಳು ಬರುತ್ತದೆ, ಮಳೆಗಾಲದಲ್ಲಿ ಅಷ್ಟು ದಿನ ಇಡುವಂತಿಲ್ಲ. ಪಕ್ಕದ ಮನೆಯವರೂ ಕೋಳಿ ಸಾಕಿದ್ದರೆ ಒಂದು ಚೀಲ ತಂದು ಇಬ್ಬರೂ ಹಂಚಿಕೊಳ್ಳಿ.